ವೈರಸ್ಸನ್ನು ವಾರದಲ್ಲಿ ಓಡಿಸುವ ದೇಹಕ್ಕೆ ಹೊಟ್ಟೆಯ ಹುಳ ಯಾಕೆ ಜಗ್ಗೋದಿಲ್ಲ?

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಎರಡು ತಿಂಗಳಿಂದ ಆಗಾಗ ಹೊಟ್ಟೆನೋವು, ಸುಸ್ತು ಅಂತಿದ್ದಳು. ರಕ್ತ ಪರೀಕ್ಷೆಯಲ್ಲಿ ಇಯೋಸಿನೋಫಿಲ್ 14% ಬಂದಿದೆ. ಐಜಿಇ ಕೂಡ ಜಾಸ್ತಿ ಇದೆ. ಮಲ ಪರೀಕ್ಷೆಯಲ್ಲಿ ದುಂಡುಹುಳದ ಮೊಟ್ಟೆ ಕಂಡಿತು. ಡಾಕ್ಟರು ಆಲ್ಬೆಂಡಜೋಲ್ ಮಾತ್ರೆ ಕೊಟ್ಟರು. ಹೋದ ವರ್ಷವೂ ಹೀಗೇ ಆಗಿತ್ತು. ಕಣ್ಣಿಗೆ ಕಾಣದ ವೈರಸ್ಸನ್ನು ಒಂದು ವಾರದಲ್ಲಿ ಓಡಿಸುವ ದೇಹಕ್ಕೆ ಇಷ್ಟುದ್ದದ ಹುಳ ಕಾಣೋದಿಲ್ವಾ? ಒಂದು ಸಲ ಬಂದು ಹೋದ ಮೇಲೆ ಇಮ್ಯುನಿಟಿ ಬರಬೇಕಲ್ವಾ? ಅವಳ ರೋಗನಿರೋಧಕ ಶಕ್ತಿ ಕಮ್ಮಿ ಇದೆಯಾ? ಇನ್ನೊಂದು, ಹೊಟ್ಟೆಯಲ್ಲಿ ಹುಳ ಇದ್ದರೆ ಅಲರ್ಜಿ ಬರೋದಿಲ್ಲ ಅಂತ ಓದಿದೆ. ಹಾಗಾದರೆ ಮಾತ್ರೆ ಕೊಟ್ಟಿದ್ದು ತಪ್ಪಾಯ್ತಾ?

ಉತ್ತರ: ಮೊದಲು ನಿಮ್ಮ ಚಿಂತೆ ಕಡಿಮೆ ಮಾಡುತ್ತೇನೆ. ನಿಮ್ಮ ಮಗಳ ರೋಗನಿರೋಧಕ ಶಕ್ತಿ ಕಮ್ಮಿ ಇದೆ ಅನ್ನೋದಕ್ಕೆ ಈ ರಿಪೋರ್ಟಿನಲ್ಲಿ ಏನೂ ಇಲ್ಲ. ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಏರಿದೆ, ಐಜಿಇ ಅನ್ನುವ ಆ್ಯಂಟಿಬಾಡಿ (ಹೊರಗಿನಿಂದ ಬಂದದ್ದಕ್ಕೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನ್) ಏರಿದೆ ಅಂದರೆ ಅವಳ ದೇಹಕ್ಕೆ ಹುಳ ಕಂಡಿದೆ, ಅದು ಕೆಲಸಕ್ಕೂ ಇಳಿದಿದೆ. ಮಾತ್ರೆ ಕೊಟ್ಟಿದ್ದೂ ಸರಿಯೇ. ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅದು ನಾನು ವರ್ಷಗಟ್ಟಲೆ ಹಿಂದೆ ಬಿದ್ದಿರುವ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ತೊಡಕು ಶುರುವಾಗುವುದು ಗಾತ್ರದಿಂದ. ಬ್ಯಾಕ್ಟೀರಿಯಾ ಬಂದರೆ ಬಿಳಿ ರಕ್ತಕಣ ಅದನ್ನು ನುಂಗಿ ಒಳಗೇ ಕರಗಿಸುತ್ತದೆ. ವೈರಸ್ ಒಂದು ಜೀವಕೋಶದೊಳಗೆ ಸೇರಿಕೊಂಡರೆ ಆ ಜೀವಕೋಶವನ್ನೇ ಕೊಂದು ಮುಗಿಸಬಹುದು. ಹುಳವನ್ನು ಏನು ಮಾಡೋದು? ಒಂದು ಇಯೋಸಿನೋಫಿಲ್ ಕಣ ಸುಮಾರು 15 ಮೈಕ್ರೋಮೀಟರ್ ಇರುತ್ತದೆ. ಬೆಳೆದ ಹೆಣ್ಣು ದುಂಡುಹುಳ 30 ಸೆಂಟಿಮೀಟರ್ ದಾಟಬಹುದು. ಅಂದರೆ ಕಣಕ್ಕಿಂತ 20 ಸಾವಿರ ಪಟ್ಟು ಉದ್ದ. ಮೇಲೆ ಗಟ್ಟಿ ಹೊದಿಕೆ ಬೇರೆ. ಜೊತೆಗೆ ಅದು ಒಂದು ಕಡೆ ಬಿದ್ದಿರುವುದಿಲ್ಲ, ಕರುಳಿನಲ್ಲಿ ಈಜುತ್ತಾ ಇರುತ್ತದೆ. ನುಂಗುವ ಮಾತೇ ಇಲ್ಲ.

ಆದರೆ ಹುಳದಲ್ಲಿ ಒಂದು ಗುಣ ಇದೆ. ಅದು ನಮ್ಮೊಳಗೆ ಸಂಖ್ಯೆಯಲ್ಲಿ ಹೆಚ್ಚೋದಿಲ್ಲ. ವೈರಸ್ ಒಂದು ಹೋಗಿ ಕೋಟಿ ಆಗುತ್ತದೆ, ಅದಕ್ಕೇ ದೇಹಕ್ಕೆ ಅವಸರ. ದುಂಡುಹುಳ ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಟ್ಟರೂ ಆ ಮೊಟ್ಟೆ ಹೊಟ್ಟೆಯೊಳಗೆ ಮರಿಯಾಗುವುದಿಲ್ಲ. ಮಲದ ಜೊತೆ ಹೊರಗೆ ಹೋಗಿ, ಮಣ್ಣಿನಲ್ಲಿ ಕೆಲವು ವಾರ ಇದ್ದು ಬಲಿತ ಮೇಲೆ ಮಾತ್ರ ಇನ್ನೊಬ್ಬರ ಹೊಟ್ಟೆ ಸೇರಿ ಒಡೆಯುತ್ತದೆ. ಹತ್ತು ಹುಳ ಇದೆ ಅಂದರೆ ಹತ್ತು ಬಲಿತ ಮೊಟ್ಟೆಯಾದರೂ ಬಾಯಿಗೆ ಹೋಗಿದೆ ಅಂತಲೇ ಅರ್ಥ. ನಾಲ್ಕಾರು ಹುಳ ಸುಮ್ನೆ ಇದ್ದರೆ ದೇಹಕ್ಕೆ ಆಗುವ ನಷ್ಟ ಚಿಕ್ಕದು. ಅದನ್ನು ಕೊಂದೇ ತೀರಬೇಕು ಅಂತ ಕರುಳಿನಲ್ಲಿ ಬೆಂಕಿ ಹಚ್ಚಿದರೆ ನಷ್ಟ ದೊಡ್ಡದು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ದೇಹ ಹುಳದ ಜೊತೆ ನಡೆದುಕೊಳ್ಳುವ ರೀತಿಯೆಲ್ಲ ಇದರಿಂದಲೇ ಅರ್ಥ ಆಗುತ್ತದೆ.

ಹುಳ ಬಂದಿದೆ ಅಂತ ಮೊದಲು ಗೊತ್ತಾಗುವುದು ರಕ್ತಕ್ಕಲ್ಲ, ಕರುಳಿನ ಒಳಪದರಕ್ಕೆ. ಅಲ್ಲಿ ಟಫ್ಟ್ ಕೋಶ ಅಂತ ಒಂದು ಬಗೆಯ ಜೀವಕೋಶ ಇದೆ, ತಲೆಯ ಮೇಲೆ ಕುಚ್ಚು ಕಟ್ಟಿದ ಹಾಗೆ ಕಾಣುತ್ತದೆ. ನೂರಕ್ಕೆ ಒಂದೂ ಇರುವುದಿಲ್ಲ. ಇವು ಇವೆ ಅಂತ 1950ರ ದಶಕದಿಂದ ಗೊತ್ತಿತ್ತು. ಯಾಕಿವೆ ಅನ್ನೋದು ಗೊತ್ತಿರಲಿಲ್ಲ. 2016ರಲ್ಲಿ ಮೂರು ಬೇರೆ ಬೇರೆ ತಂಡಗಳು ಹೆಚ್ಚುಕಮ್ಮಿ ಒಟ್ಟಿಗೇ ಉತ್ತರ ಕೊಟ್ಟವು. ಕರುಳಿನಲ್ಲಿ ಹುಳದಂಥ ಪರಾವಲಂಬಿ ಸೇರಿದಾಗ ಗಂಟೆ ಬಾರಿಸುವುದು ಇವೇ. ನನಗೆ ತುಂಬಾ ಇಷ್ಟವಾದ ಸಂಗತಿ ಅಂದರೆ, ನಾಲಿಗೆಯಲ್ಲಿ ಕಹಿ, ಸಿಹಿ ಗುರುತಿಸಲು ಇರುವ ಕೆಲವು ಪ್ರೋಟೀನ್‌ಗಳೇ ಈ ಕೋಶಗಳಲ್ಲೂ ಇವೆ. ಕರುಳು ಒಂದು ರೀತಿಯಲ್ಲಿ ತನ್ನೊಳಗೆ ಇರುವುದರ ರುಚಿ ನೋಡುತ್ತಲೇ ಇರುತ್ತದೆ.

ಟಫ್ಟ್ ಕೋಶ ಇಂಟರ್‌ಲ್ಯೂಕಿನ್-25 ಅನ್ನುವ ಸಂದೇಶ ಬಿಡುತ್ತದೆ. ಹುಳ ಕೊರೆದು ಗಾಯವಾದ ಜೀವಕೋಶಗಳಿಂದ ಇಂಟರ್‌ಲ್ಯೂಕಿನ್-33 ಸೋರುತ್ತದೆ. ಎರಡೂ ಹೋಗಿ ಮುಟ್ಟುವುದು ಹತ್ತಿರದಲ್ಲೇ ಕಾದಿರುವ ಐಎಲ್‌ಸಿ-2 ಅನ್ನುವ ಕೋಶಗಳನ್ನು. ಅವು ಇಂಟರ್‌ಲ್ಯೂಕಿನ್-5, 13 ಸುರಿಯತೊಡಗುತ್ತವೆ. ಕೆಲವು ದಿನ ಬಿಟ್ಟು ಟಿ-ಕೋಶ ಅನ್ನುವ ಬಿಳಿ ರಕ್ತಕಣಗಳು ಬಂದು ಅದೇ ಕೆಲಸಕ್ಕೆ ಕೈ ಜೋಡಿಸುತ್ತವೆ. ಇಂಟರ್‌ಲ್ಯೂಕಿನ್-4 ಕೂಡ ಸೇರಿಕೊಳ್ಳುತ್ತದೆ. ಇದಕ್ಕೆಲ್ಲ ಒಟ್ಟಾಗಿ ಟೈಪ್ 2 ಪ್ರತಿಕ್ರಿಯೆ ಅಂತ ಹೆಸರು. ವೈರಸ್, ಬ್ಯಾಕ್ಟೀರಿಯಾ ಬಂದಾಗ ನಡೆಯುವುದು ಬಹುಪಾಲು ಟೈಪ್ 1. ಸಹಾಯಕ ಟಿ-ಕೋಶಗಳಲ್ಲಿ ಹೀಗೆ ಎರಡು ಬಗೆ ಇವೆ ಅಂತ 1986ರಲ್ಲಿ ಟಿಮ್ ಮಾಸ್‌ಮನ್, ರಾಬರ್ಟ್ ಕಾಫ್‌ಮನ್ ತೋರಿಸಿದ್ದರು. ಐಎಲ್‌ಸಿ-2 ಗೊತ್ತಾಗಿದ್ದು ತೀರ ಈಚೆಗೆ, 2010ರ ಹೊತ್ತಿಗೆ.

ಇಷ್ಟು ಹೆಸರು ಕೇಳಿ ತಲೆ ಕೆಡಿಸಿಕೊಳ್ಳಬೇಡಿ. ಇಂಟರ್‌ಲ್ಯೂಕಿನ್-13 ಒಂದನ್ನು ನೆನಪಿಟ್ಟುಕೊಂಡರೆ ಸಾಕು. ಅದು ಏನು ಮಾಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಕಲಿಯುವ ದಿನಗಳಲ್ಲಿ ಲ್ಯಾಬಿನಲ್ಲಿ ಇಲಿಗಳಿಗೆ ನಿಪ್ಪೊಸ್ಟ್ರಾಂಗಿಲಸ್ ಅನ್ನುವ ಹುಳದ ಮರಿಗಳನ್ನು ಚರ್ಮದ ಕೆಳಗೆ ಕೊಡುತ್ತಿದ್ದೆವು. ಮನುಷ್ಯರ ಕೊಕ್ಕೆಹುಳದ ದೂರದ ಸಂಬಂಧಿ ಅದು. ಮರಿಗಳು ಎರಡು ದಿನಕ್ಕೆ ಶ್ವಾಸಕೋಶ ಸೇರುತ್ತವೆ, ನಾಲ್ಕನೆಯ ದಿನದ ಹೊತ್ತಿಗೆ ಸಣ್ಣ ಕರುಳಿನಲ್ಲಿರುತ್ತವೆ. ಆರನೆಯ ದಿನ ಕರುಳನ್ನು ಸೀಳಿ ನೋಡಿದರೆ ಒಳಗಿನ ಮಡಿಕೆಗಳ ನಡುವೆ ಕೆಂಪು ದಾರದ ತುಂಡುಗಳು ಸಿಕ್ಕಿಹಾಕಿಕೊಂಡ ಹಾಗೆ ಹುಳ ಕಾಣುತ್ತಿತ್ತು. ಇಕ್ಕಳದಲ್ಲಿ ಎಳೆದರೂ ಸುಲಭಕ್ಕೆ ಬರುತ್ತಿರಲಿಲ್ಲ. ಒಂಬತ್ತನೆಯ ದಿನ ಅದೇ ಗುಂಪಿನ ಇನ್ನೊಂದು ಇಲಿಯದು ನೋಡಿದರೆ ಬೇರೆಯದೇ ಚಿತ್ರ. ಕರುಳಿನ ತುಂಬ ಮಂದವಾದ ಲೋಳೆ. ಕತ್ತರಿ ಎತ್ತಿದರೆ ಎಳೆ ಎಳೆಯಾಗಿ ಅಂಟಿಕೊಂಡು ಬರುತ್ತಿತ್ತು. ಹುಳಗಳು ಹಿಡಿತ ತಪ್ಪಿ ಆ ಲೋಳೆಯಲ್ಲಿ ಸುತ್ತಿಕೊಂಡು ಕೆಳಗೆ ಜಾರಿದ್ದವು. ಮುಟ್ಟಿದರೆ ಇನ್ನೂ ಅಲುಗಾಡುತ್ತಿದ್ದವು. ಸತ್ತಿರಲಿಲ್ಲ!

ಅವತ್ತು ನನಗೆ ಅರ್ಥವಾದ ಮಾತು ಇದು: ದೇಹ ಹುಳವನ್ನು ಕೊಲ್ಲಲು ಹೋಗುವುದೇ ಅಪರೂಪ. ಅದು ಗುಡಿಸಿ ಹಾಕುತ್ತದೆ. ಇಂಟರ್‌ಲ್ಯೂಕಿನ್-13 ಬಂದ ಕೂಡಲೇ ಲೋಳೆ ಮಾಡುವ ಕೋಶಗಳು ಹೆಚ್ಚುತ್ತವೆ, ಉಬ್ಬುತ್ತವೆ. ಕರುಳಿಗೆ ನೀರು ಸುರಿಯುತ್ತದೆ. ಸ್ನಾಯುಗಳು ಜೋರಾಗಿ ಹಿಂಡುತ್ತವೆ. ಒಳಪದರದ ಕೋಶಗಳು ಬೇಗ ಬೇಗ ಹುಟ್ಟಿ ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಚಾಟಿಹುಳದಂಥವು ತಲೆಯನ್ನು ಈ ಪದರದೊಳಗೇ ಹೊಲಿದುಕೊಂಡಿರುತ್ತವೆ. ಕಾಲ ಕೆಳಗಿನ ನೆಲವೇ ಸರಿಯತೊಡಗಿದರೆ ಹಿಡಿದುಕೊಳ್ಳುವುದು ಎಲ್ಲಿ? ಹುಳ ಇರುವ ಕರುಳಿನಲ್ಲಿ ಟಫ್ಟ್ ಕೋಶಗಳೂ ಹಲವು ಪಟ್ಟು ಹೆಚ್ಚುತ್ತವೆ. ಹೀಗಾಗಿ ಗಂಟೆಯ ಸದ್ದು ಇನ್ನೂ ಜೋರಾಗುತ್ತದೆ.

ಈಗ ನಿಮ್ಮ ರಿಪೋರ್ಟಿನ ಇಯೋಸಿನೋಫಿಲ್ ವಿಷಯ. ಈ ಕಣಕ್ಕೆ ಹೆಸರು ಬಂದಿದ್ದು ಇಯೋಸಿನ್ ಅನ್ನುವ ಬಣ್ಣದಿಂದ. 1879ರಲ್ಲಿ ಪಾಲ್ ಎರ್ಲಿಕ್ ಗುರುತಿಸಿದರು. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಳಗೆಲ್ಲ ಕೇಸರಿ ಕೆಂಪಿನ ಕಾಳು ತುಂಬಿದ ಚೀಲದ ಹಾಗೆ ಇರುತ್ತದೆ. ಆ ಕಾಳುಗಳಲ್ಲಿ ವಿಷದ ಪ್ರೋಟೀನ್‌ಗಳಿವೆ. ಹುಳದ ಮರಿಗೆ ಆ್ಯಂಟಿಬಾಡಿ ಅಂಟಿಕೊಂಡಿದ್ದರೆ ಇಯೋಸಿನೋಫಿಲ್‌ಗಳು ಅದರ ಮೈಗೆ ಗುಂಪಾಗಿ ಮೆತ್ತಿಕೊಳ್ಳುತ್ತವೆ. ನುಂಗಲು ಆಗದಿದ್ದರೂ ಕಾಳನ್ನೆಲ್ಲ ಅದರ ಮೇಲೆ ಸುರಿಯುತ್ತವೆ.

ಪಠ್ಯಪುಸ್ತಕಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ: ಹುಳ ಬಂತು, ಇಯೋಸಿನೋಫಿಲ್ ಕೊಂದಿತು. ನನ್ನ ಪ್ರಕಾರ ಇದು ಅರ್ಧ ಸತ್ಯ. ಗಾಜಿನ ಕೊಳವೆಯಲ್ಲಿ ಮರಿಗಳು ಸಾಯುವುದು ನಿಜ. ದೇಹದೊಳಗೆ ಹಾಗೇ ಆಗಬೇಕೆಂದಿಲ್ಲ. ಇಯೋಸಿನೋಫಿಲ್ ಇಲ್ಲದ ಇಲಿಗಳು ಕೆಲವು ಬಗೆಯ ಹುಳಗಳನ್ನು ಉಳಿದ ಇಲಿಗಳಷ್ಟೇ ಚೆನ್ನಾಗಿ ಹೊರಹಾಕುತ್ತವೆ. ಟ್ರೈಕಿನೆಲ್ಲಾ ಅನ್ನುವ ಹುಳದ ಮರಿ ಸ್ನಾಯುವಿನಲ್ಲಿ ಮನೆ ಮಾಡುತ್ತದೆ. ಅಲ್ಲಂತೂ ಇಯೋಸಿನೋಫಿಲ್ ಇಲ್ಲದಿದ್ದರೆ ಮರಿಗಳೇ ಹೆಚ್ಚು ಸಾಯುತ್ತವೆ. ಈ ಕಣಗಳು ಇದ್ದರೇ ಅವಕ್ಕೆ ಅನುಕೂಲ. ಹಾಗಾಗಿ ಇಯೋಸಿನೋಫಿಲ್ ಏರಿದೆ ಅಂದರೆ ಹುಳ ಸಾಯುತ್ತಿದೆ ಅಂತ ಓದಬೇಡಿ. ದೇಹದಲ್ಲಿ ಟೈಪ್ 2 ಕೆಲಸ ನಡೆಯುತ್ತಿದೆ ಅಂತ ಮಾತ್ರ ಓದಿ.

ಐಜಿಇ ಕೂಡ ಹಾಗೇ. ಇಶಿಜಾಕಾ ದಂಪತಿ 1966ರಲ್ಲಿ ಇದನ್ನು ಗುರುತಿಸಿದ್ದು ಅಲರ್ಜಿ ಇದ್ದವರ ರಕ್ತದಲ್ಲಿ. ಮಾಸ್ಟ್ ಅನ್ನುವ ರಕ್ಷಣಾ ಕೋಶಗಳ ಮೇಲೆ ಕೂತು, ಹುಳದ ಪ್ರೋಟೀನ್ ತಗುಲಿದಾಗ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡಿಸುವುದು ಅದರ ಕೆಲಸ. ಆದರೆ ಹುಳ ಇದ್ದವರಲ್ಲಿ ಏರುವ ಐಜಿಇಯಲ್ಲಿ ದೊಡ್ಡ ಪಾಲು ಆ ಹುಳವನ್ನೇ ಗುರಿ ಇಟ್ಟದ್ದಾಗಿರುವುದಿಲ್ಲ. ಅದಕ್ಕೇ ಬರೀ ಒಟ್ಟು ಐಜಿಇ ನೋಡಿ ಹುಳ ಎಷ್ಟಿದೆ ಅಂತ ಹೇಳಲು ಬರುವುದಿಲ್ಲ.

ಇನ್ನೊಂದು ಕೆಲಸ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ರಿಪೇರಿ. ದುಂಡುಹುಳದ ಮೊಟ್ಟೆ ಹೊಟ್ಟೆಗೆ ಹೋಗಿ ಒಡೆದರೆ ಮರಿ ಕರುಳಿನಲ್ಲಿ ನಿಲ್ಲುವುದಿಲ್ಲ. ಗೋಡೆ ಕೊರೆದು ರಕ್ತಕ್ಕೆ ಇಳಿಯುತ್ತದೆ, ಯಕೃತ್ತಿಗೆ ಹೋಗುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ. ಹತ್ತು ಹದಿನಾಲ್ಕು ದಿನ ಅಲ್ಲಿದ್ದು, ಗಾಳಿಗೂಡು ಒಡೆದು, ಶ್ವಾಸನಾಳ ಹತ್ತಿ ಗಂಟಲಿಗೆ ಬಂದು, ನುಂಗಿದಾಗ ಮತ್ತೆ ಕರುಳು ಸೇರುತ್ತದೆ. ಎಷ್ಟು ಕಡೆ ತೂತು ಬಿತ್ತು ನೋಡಿ. ಆ ತೂತುಗಳನ್ನು ಬೇಗ ಮುಚ್ಚುವುದೂ ಇಂಟರ್‌ಲ್ಯೂಕಿನ್-4, 13 ಸೇರಿ ಮಾಡುವ ಕೆಲಸವೇ. ಅವುಗಳ ಮಾತು ಕೇಳಿ ಮ್ಯಾಕ್ರೋಫೇಜ್ ಕಣಗಳು ಕೊಲ್ಲುವ ಕೆಲಸ ಬಿಟ್ಟು ಗಾಯ ಮುಚ್ಚುವ ಕೆಲಸಕ್ಕೆ ತಿರುಗುತ್ತವೆ. ಹುಳ ಅಂದರೆ ದೇಹಕ್ಕೆ ಅರ್ಧ ಸೋಂಕು, ಅರ್ಧ ಗಾಯ ಅಂತ ನನಗೆ ಅನ್ನಿಸುತ್ತದೆ.

ಈ ರಿಪೇರಿ ಅತಿಯಾದರೆ ಅದೇ ರೋಗವಾಗುತ್ತದೆ. ಶಿಸ್ಟೊಸೋಮಾ ಅನ್ನುವ ಹುಳ ರಕ್ತನಾಳದಲ್ಲೇ ಇರುತ್ತದೆ. ಹುಳದಿಂದ ಆಗುವ ತೊಂದರೆ ಕಮ್ಮಿ, ಮೊಟ್ಟೆಯಿಂದ ಜಾಸ್ತಿ. ಯಕೃತ್ತಿನಲ್ಲಿ ಸಿಕ್ಕಿಕೊಂಡ ಒಂದೊಂದು ಮೊಟ್ಟೆಯ ಸುತ್ತ ದೇಹ ಗಂಟು ಕಟ್ಟುತ್ತದೆ. ಮೊಟ್ಟೆಯಿಂದ ಸೋರುವ ವಿಷ ಪಕ್ಕದ ಕೋಶಗಳಿಗೆ ತಾಗದಿರಲಿ ಅಂತ ಈ ಬೇಲಿ. ವರ್ಷಗಟ್ಟಲೆ ಬೇಲಿ ಕಟ್ಟುತ್ತಾ ಹೋದರೆ ಯಕೃತ್ತು ನಾರು ನಾರಾಗುತ್ತದೆ. ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಆ ಹುಳದ ಮೊಟ್ಟೆಗೆ ರಕ್ತನಾಳದಿಂದ ಕರುಳಿಗೆ ದಾಟಿ ಹೊರಹೋಗಲು ನಮ್ಮ ರಕ್ಷಣಾ ಕಣಗಳ ಸಹಾಯವೇ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿಸಿದ ಇಲಿಗಳ ಮಲದಲ್ಲಿ ಮೊಟ್ಟೆ ತೀರ ಕಡಿಮೆ ಬರುತ್ತದೆ.

ಹುಳವೂ ಸುಮ್ನೆ ಕೂತಿರುವುದಿಲ್ಲ. ಇಲಿಯ ಕರುಳಿನ ಒಂದು ಹುಳ ನಮ್ಮ ಟಿಜಿಎಫ್-ಬೀಟಾ ಅನ್ನುವ ಶಾಂತಿ ಸಂದೇಶದ ಹಾಗೇ ಕೆಲಸ ಮಾಡುವ ಪ್ರೋಟೀನನ್ನು ತಾನೇ ತಯಾರಿಸಿ ಬಿಡುತ್ತದೆ. ಆಕಾರದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ, ಕೆಲಸ ಮಾತ್ರ ಅದೇ. ಕೊಕ್ಕೆಹುಳ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಶಿಸ್ಟೊಸೋಮಾದ ವೇಷ. 1969ರಲ್ಲಿ ಸ್ಮಿದರ್ಸ್, ಟೆರ್‍ರಿ, ಹಾಕ್ಲಿ ಅನ್ನುವ ಮೂವರು ಇಲಿಯಲ್ಲಿ ಬೆಳೆದ ಹುಳಗಳನ್ನು ತೆಗೆದು ಕೋತಿಗಳಿಗೆ ಹಾಕಿದರು. ಮಾಮೂಲಿ ಕೋತಿಗಳಲ್ಲಿ ಹುಳ ಬದುಕಿತು. ಇಲಿಯ ರಕ್ತಕಣಗಳ ವಿರುದ್ಧ ಮೊದಲೇ ತಯಾರು ಮಾಡಿದ್ದ ಕೋತಿಗಳಲ್ಲಿ ನಾಶವಾಯಿತು. ಯಾಕೆ? ಹುಳ ಇಲಿಯ ಗುರುತನ್ನೇ ಮೈಮೇಲೆ ಹೊದ್ದುಕೊಂಡಿತ್ತು. ಮನುಷ್ಯರಲ್ಲೂ ಅದು ನಮ್ಮ ರಕ್ತದ ಗುಂಪಿನ ಗುರುತುಗಳನ್ನು ಎತ್ತಿ ತನ್ನ ಮೈಗೆ ಮೆತ್ತಿಕೊಳ್ಳುತ್ತದೆ. ಇಂಥ ಹುಳಗಳು ಸಾಮಾನ್ಯವಾಗಿ ಮೂರರಿಂದ ಹತ್ತು ವರ್ಷ ಬದುಕುತ್ತವೆ. 30 ವರ್ಷ ದಾಟಿದ ಉದಾಹರಣೆಗಳೂ ಇವೆ. ದುಂಡುಹುಳದ ಆಯುಸ್ಸು ಒಂದೆರಡು ವರ್ಷ ಅಷ್ಟೇ.

ದೇಹವೂ ಒಂದು ಹಂತದಲ್ಲಿ ತಾನಾಗಿ ದನಿ ತಗ್ಗಿಸುತ್ತದೆ. ಇಂಟರ್‌ಲ್ಯೂಕಿನ್-10 ಹೆಚ್ಚುತ್ತದೆ, ತಡೆ ಹಾಕುವ ಟಿ-ಕೋಶಗಳು ಹೆಚ್ಚುತ್ತವೆ, ಐಜಿಇಯ ಪಕ್ಕದಲ್ಲಿ ಐಜಿಜಿ-4 ಅನ್ನುವ ಶಾಂತ ಆ್ಯಂಟಿಬಾಡಿ ಬರುತ್ತದೆ. ಆನೆಕಾಲು ರೋಗ ತರುವ ಹುಳದ ಮರಿಗಳನ್ನು ರಕ್ತದಲ್ಲಿ ಇಟ್ಟುಕೊಂಡೂ ಎಷ್ಟೋ ಜನ ಆರಾಮಾಗಿ ಓಡಾಡುತ್ತಾರೆ. ಊತ ಬಂದು ಕಾಲು ದಪ್ಪಗಾದವರಲ್ಲಿ ಹಲವರ ರಕ್ತದಲ್ಲಿ ಮರಿಯೇ ಸಿಗುವುದಿಲ್ಲ, ಆದರೆ ದೇಹದ ಸಿಟ್ಟು ಜೋರಾಗಿರುತ್ತದೆ. ಹುಳದ ಮಟ್ಟಿಗೆ ಇಮ್ಯುನಿಟಿ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೇದು ಅನ್ನುವ ಮಾತು ನಡೆಯುವುದಿಲ್ಲ, ಅಲ್ವಾ?

ಹಾಗಾದರೆ ಮತ್ತೆ ಮತ್ತೆ ಬರುವುದೇಕೆ? ಹುಳದ ವಿರುದ್ಧ ಇಮ್ಯುನಿಟಿ ಬರುತ್ತದೆ. ಆದರೆ ನಿಧಾನ, ಅರೆಬರೆ. ದಡಾರದ ಹಾಗೆ ಒಮ್ಮೆ ಬಂದರೆ ಮುಗಿಯಿತು ಅನ್ನುವಂಥದ್ದಲ್ಲ. ದುಂಡುಹುಳ, ಚಾಟಿಹುಳ ಹೆಚ್ಚಾಗಿ ಕಾಣುವುದು ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ. ಆಮೇಲೆ ಇಳಿಯುತ್ತಾ ಹೋಗುತ್ತದೆ. ಮಣ್ಣಿನ ಒಡನಾಟ ಕಡಿಮೆಯಾಗುವುದು ಒಂದು ಕಾರಣ, ವರ್ಷಗಳಿಂದ ಕೂಡಿಬಂದ ಇಮ್ಯುನಿಟಿ ಇನ್ನೊಂದು. ನಿಮ್ಮ ಮಗಳಿಗೆ ಎರಡು ವರ್ಷ ಬಂತು ಅಂದರೆ ಎರಡು ಸಲ ಬಲಿತ ಮೊಟ್ಟೆ ಬಾಯಿಗೆ ಹೋಗಿದೆ, ಅಷ್ಟೇ. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಮಣ್ಣಿನಿಂದ ಬರುವ ಹುಳಗಳ ಸೋಂಕು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟೂ ಜನರ ರೋಗನಿರೋಧಕ ಶಕ್ತಿ ಕೆಟ್ಟಿದೆ ಅಂತ ಹೇಳಲು ಆಗುತ್ತದೆಯೇ?

ಅಲರ್ಜಿಯ ವಿಷಯ. ನೀವು ಓದಿದ್ದರಲ್ಲಿ ಹುರುಳಿದೆ. 1989ರಲ್ಲಿ ಡೇವಿಡ್ ಸ್ಟ್ರಾಕನ್ 17 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಮಕ್ಕಳ ಮಾಹಿತಿ ನೋಡಿ, ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮೂಗಿನ ಅಲರ್ಜಿ ಕಡಿಮೆ ಅಂತ ಬರೆದರು. ಚಿಕ್ಕಂದಿನಲ್ಲಿ ಸೋಂಕು ತಗುಲುವುದರಿಂದ ಹೀಗಾಗಿರಬಹುದು ಅನ್ನುವ ಯೋಚನೆ ಅಲ್ಲಿಂದ ಬೆಳೆಯಿತು. ಗಬಾನ್‌ನಲ್ಲಿ ಶಾಲಾ ಮಕ್ಕಳಿಗೆ ಮತ್ತೆ ಮತ್ತೆ ಹುಳದ ಮಾತ್ರೆ ಕೊಟ್ಟಾಗ ಧೂಳಿನ ನುಸಿಗೆ ಚರ್ಮ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಹೆಚ್ಚಾಯಿತು. ಆ ಫಲಿತಾಂಶ ಪ್ರಕಟವಾಗಿದ್ದು 2004ರಲ್ಲಿ. 2007ರಲ್ಲಿ ಅರ್ಜೆಂಟೀನಾದಿಂದ ಇನ್ನೊಂದು ವರದಿ ಬಂತು: ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ಬೀಳುವ ರೋಗ) ಇದ್ದವರ ಪೈಕಿ ಹುಳ ಸೇರಿಕೊಂಡಿದ್ದ 12 ಜನರಲ್ಲಿ ರೋಗ ಮರುಕಳಿಸಿದ್ದು ಕಡಿಮೆ. ಹುಳ ತನ್ನ ಉಳಿವಿಗಾಗಿ ತಣ್ಣಗೆ ಮಾಡಿದ ರಕ್ಷಣಾ ವ್ಯವಸ್ಥೆ ಬೇರೆ ಕಡೆಯೂ ತಣ್ಣಗಾಗುತ್ತದೆ ಅನ್ನುವುದಕ್ಕೆ ಇವೆಲ್ಲ ಸಾಕ್ಷಿ.

ಆದರೆ ಇದರಿಂದ ಹುಳ ಇಟ್ಟುಕೊಂಡರೆ ಒಳ್ಳೆಯದು ಅನ್ನುವ ತೀರ್ಮಾನಕ್ಕೆ ಹಾರಬಾರದು. ಹಂದಿಯ ಚಾಟಿಹುಳದ ಮೊಟ್ಟೆಗಳನ್ನು ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆಗೆ ಔಷಧಿಯಾಗಿ ಕೊಟ್ಟು ನೋಡಿದರು. 2013ರಲ್ಲಿ ಆ ಪ್ರಯೋಗಗಳು ಫಲ ಕೊಡದೆ ನಿಂತವು. ನಿಮ್ಮ ಮಗಳಲ್ಲಿ ಇರುವ ದುಂಡುಹುಳದ ಕಥೆಯೇ ಬೇರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಅದರ ಸೋಂಕು ಇದ್ದವರಲ್ಲಿ ಆಸ್ತಮಾ ಸ್ವಲ್ಪ ಹೆಚ್ಚೇ ಕಂಡಿತು. ಆ ತಣ್ಣಗಾಗುವಿಕೆಗೆ ಬೆಲೆಯೂ ಇದೆ. ದುಂಡುಹುಳ ಇದ್ದ ಮಕ್ಕಳಿಗೆ ಮೊದಲು ಆಲ್ಬೆಂಡಜೋಲ್ ಕೊಟ್ಟು ಆಮೇಲೆ ಬಾಯಿಯ ಕಾಲರಾ ಲಸಿಕೆ ಹಾಕಿದಾಗ ಲಸಿಕೆ ಚೆನ್ನಾಗಿ ಹಿಡಿಯಿತು ಅಂತ ಈಕ್ವೆಡಾರ್‌ನಲ್ಲಿ ನೋಡಿದ್ದಾರೆ. ಬೆಳೆಯುವ ಮಗುವಿನ ಊಟದ ಪಾಲು ಹುಳಕ್ಕೆ ಹೋಗುತ್ತದೆ. ಹುಳ ತುಂಬ ಆದರೆ ಕರುಳೇ ಕಟ್ಟಿಕೊಳ್ಳಬಹುದು. ಮಾತ್ರೆ ಕೊಟ್ಟದ್ದಕ್ಕೆ ಒಂದು ಕ್ಷಣವೂ ಬೇಜಾರು ಮಾಡಿಕೊಳ್ಳಬೇಡಿ.

ಈಗ ಮುಂದೆ ಏನು ನೋಡಬೇಕು ಅಂತ ಹೇಳಿಬಿಡುತ್ತೇನೆ. 14% ಅನ್ನುವ ಶೇಕಡಾ ಒಂದನ್ನೇ ಹಿಡಿದುಕೊಳ್ಳಬೇಡಿ. ಒಟ್ಟು ಬಿಳಿ ರಕ್ತಕಣ ಎಷ್ಟಿದೆ ಅಂತ ಅದೇ ರಿಪೋರ್ಟಿನಲ್ಲಿ ನೋಡಿ. 9,000 ಇದ್ದರೆ ಅದರ 14% ಅಂದರೆ 1,260. ಸಾಮಾನ್ಯವಾಗಿ 500ರ ಒಳಗೆ ಇರಬೇಕು. ಮಾತ್ರೆ ಕೊಟ್ಟ ಹೊಸದರಲ್ಲಿ ಈ ಸಂಖ್ಯೆ ಇನ್ನೂ ಸ್ವಲ್ಪ ಏರಬಹುದು. ಸಾಯುವ ಹುಳದಿಂದ ಪ್ರೋಟೀನ್‌ಗಳು ಹೊರಬರುವುದರಿಂದ ಹಾಗಾಗುತ್ತದೆ. ಗಾಬರಿ ಬೇಡ. ಆಮೇಲೆ ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಯುತ್ತದೆ. ಐಜಿಇ ಇನ್ನೂ ನಿಧಾನ.

ಮಾತ್ರೆ ಮುಖ್ಯವಾಗಿ ಕರುಳಿನಲ್ಲಿರುವ ಹುಳಕ್ಕೆ ತಟ್ಟುತ್ತದೆ. ಅದೇ ಹೊತ್ತಿಗೆ ಶ್ವಾಸಕೋಶದಲ್ಲಿ ಅಲೆಯುತ್ತಿರುವ ಮರಿಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಮೊಟ್ಟೆ ಬಾಯಿಗೆ ಹೋಗಿ ಹೊಸ ಹುಳ ಮೊಟ್ಟೆ ಇಡಲು ಎರಡು ಮೂರು ತಿಂಗಳು ಬೇಕು. ಹಾಗಾಗಿ ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಮಲ ಪರೀಕ್ಷೆ ಮಾಡಿಸಿದರೆ ಅರ್ಥ ಇದೆ. ಅಷ್ಟರಲ್ಲೂ ಇಯೋಸಿನೋಫಿಲ್ ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು: ಅಲರ್ಜಿ, ಯಾವುದಾದರೂ ಔಷಧಿ, ಅಥವಾ ಮಾಮೂಲಿ ಮಲ ಪರೀಕ್ಷೆಗೆ ಸುಲಭಕ್ಕೆ ಸಿಗದ ಸ್ಟ್ರಾಂಗಿಲಾಯ್ಡಿಸ್ ಹುಳ. ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಹುಳ ನಮ್ಮೊಳಗೆ ಹೆಚ್ಚೋದಿಲ್ಲ ಅಂತ ಮೊದಲು ಹೇಳಿದೆನಲ್ಲ, ಅದಕ್ಕೆ ಮುಖ್ಯವಾದ ಅಪವಾದ ಇದು. ಇದರ ಮರಿಗಳು ಕರುಳಿನಲ್ಲೇ ಬಲಿತು ಮತ್ತೆ ಒಳಗೆ ನುಗ್ಗುತ್ತವೆ, ದಶಕಗಟ್ಟಲೆ ಉಳಿಯುತ್ತವೆ. ದೇಹ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಅಂಥವರಿಗೆ ಸ್ಟಿರಾಯ್ಡ್ ಕೊಟ್ಟರೆ ಆ ಹಿಡಿತ ಸಡಿಲಾಗಿ ಹುಳ ಮೈಯೆಲ್ಲ ಹರಡಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಇಯೋಸಿನೋಫಿಲ್ ಏರಿಯೇ ಇದ್ದು, ಕೆಮ್ಮಿಗೋ ಚರ್ಮದ ತುರಿಕೆಗೋ ಯಾರಾದರೂ ಸ್ಟಿರಾಯ್ಡ್ ಬರೆದರೆ, ಈ ಹುಳದ ರಕ್ತ ಪರೀಕ್ಷೆ ಮೊದಲು ಮಾಡಿಸೋಣವೇ ಅಂತ ಡಾಕ್ಟರ ಹತ್ತಿರ ಕೇಳಿ. ಈ ರಿಪೋರ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿ.